ಗಂಡ, ಹೆಂಡತಿ, ಎರಡು ಸೈಕಲ್, ಐದು ದಿನ: ಹಾಸನದಿಂದ ಸಕಲೇಶಪುರಕ್ಕೆ ಸುತ್ತು ದಾರಿ

“ಅಕ್ಕಾ, ನೀವಿಬ್ಬರೂ ಸೈಕಲ್‌ನಲ್ಲೇ ಚಿಕ್ಕಮಗಳೂರಿಗೆ ಹೋಗಿದ್ರಂತೆ. ನಮ್ಮಿಂದಲೂ ಆಗುತ್ತಾ?” ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕೇಳುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಇಬ್ಬರಲ್ಲಿ ಒಬ್ಬರಿಗೆ ಸೈಕಲ್ ಹುಚ್ಚು. ಇನ್ನೊಬ್ಬರಿಗೆ ಆಸೆ ಇದೆ, ಧೈರ್ಯ ಸಾಲದು. ಎಲ್ಲರಿಗೂ ಫೋನಿನಲ್ಲಿ ಅರ್ಧರ್ಧ ಗಂಟೆ ಹೇಳುವ ಬದಲು ಇಲ್ಲೇ ಬರೆದಿಡುತ್ತಿದ್ದೇನೆ.

ಖಂಡಿತ ಆಗುತ್ತೆ. ಹಾಸನದಿಂದ ಹೊರಟು ಹಳೇಬೀಡು, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ ಸುತ್ತಿ ಸಕಲೇಶಪುರದಲ್ಲಿ ಮುಗಿಸುವ ಈ ದಾರಿ ಸುಮಾರು 150 ಕಿ.ಮೀ. ಕಾರಿನಲ್ಲಾದರೆ ಒಂದು ದಿನದ ಕೆಲಸ. ಸೈಕಲ್‌ಗೆ ಐದು ದಿನ ಇಟ್ಟುಕೊಳ್ಳಿ. “ಐದು ದಿನ ಯಾಕೆ, ನಾನು ದಿನಕ್ಕೆ ನೂರು ಕಿಲೋಮೀಟರ್ ಹೊಡೀತೀನಿ” ಅನ್ನುವವರು ಒಬ್ಬರೇ ಹೋಗಿ ಬನ್ನಿ. ಇದು ಇಬ್ಬರು ಹೋಗಿ, ಮಾತು ಬಿಡದೆ ಇಬ್ಬರೂ ವಾಪಸ್ ಬರಬೇಕು ಅನ್ನುವವರಿಗೆ.

ಹಂತ 1: ನಿಧಾನದವರ ಕಾಲೇ ಅಳತೆ

ಮೊದಲು ಮಾಡುವ ತಪ್ಪೇ ಇದು. ಚೆನ್ನಾಗಿ ಸೈಕಲ್ ಹೊಡೆಯುವವರು ಕೂತು ದಾರಿ ಹಾಕುತ್ತಾರೆ. ಇನ್ನೊಬ್ಬರು “ನೀವು ಹೇಳಿದ ಹಾಗೆ” ಅಂತ ತಲೆ ಆಡಿಸುತ್ತಾರೆ. ಎರಡನೇ ದಿನ ಮಧ್ಯಾಹ್ನ ಯಾವುದೋ ಮೈಲಿಗಲ್ಲಿನ ಹತ್ತಿರ ಅದರ ಲೆಕ್ಕ ಚುಕ್ತಾ ಆಗುತ್ತೆ.

ಆದ್ದರಿಂದ ನಿಮ್ಮಿಬ್ಬರಲ್ಲಿ ನಿಧಾನ ಯಾರೋ ಅವರು ಒಂದು ದಿನಕ್ಕೆ ಆರಾಮವಾಗಿ ಎಷ್ಟು ದೂರ ಹೋಗುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಆರಾಮವಾಗಿ ಅಂದರೆ, ಮನೆಗೆ ಬಂದು ಸ್ನಾನ ಮಾಡಿ ಅಡುಗೆಗೆ ನಿಲ್ಲುವಷ್ಟು ಶಕ್ತಿ ಉಳಿದಿರಬೇಕು. ಆ ದೂರವೇ ನಿಮ್ಮ ದಿನದ ಮಿತಿ. ನಾನು ಮುಂದೆ ಹೇಳುವ ದಾರಿಯಲ್ಲಿ ಯಾವ ದಿನವೂ 40 ಕಿ.ಮೀ. ದಾಟುವುದಿಲ್ಲ.

ಇನ್ನೊಂದು ಮಾತು. ಬರೀ ಕಿಲೋಮೀಟರ್ ನಂಬಬೇಡಿ. ನಮ್ಮ ಕಡೆ ‘ಅಪ್ಪು’ ಅನ್ನುತ್ತೇವಲ್ಲ, ಆ ಏರು ಎಷ್ಟಿದೆ ಅನ್ನೋದು ಮುಖ್ಯ. ಹಾಸನ–ಹಳೇಬೀಡಿನ ಬಯಲಿನಲ್ಲಿ ನಾವು ಗಂಟೆಗೆ 14 ಕಿ.ಮೀ. ಹೋಗುತ್ತೇವೆ. ಆಲ್ದೂರಿನ ಕಡೆ ಬಂದರೆ ಅದು 9ಕ್ಕೆ ಇಳಿಯುತ್ತೆ. ಟೀ, ಫೋಟೋ, ಉಸಿರು ತಗೊಳ್ಳೋದು ಎಲ್ಲಾ ಸೇರಿದರೆ ಇನ್ನೂ ಕಮ್ಮಿ. ನಕ್ಷೆ ತೋರಿಸುವ ಸಮಯ ಸೈಕಲ್‌ಗೆ ಹೊಂದುವುದೇ ಇಲ್ಲ.

ಹಂತ 2: ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಮಳೆ ನಿಂತು ಹಸಿರು ಇನ್ನೂ ಉಳಿದಿರುತ್ತೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಮಂಜು ಜಾಸ್ತಿ. ಎದುರಿನ ಗಾಡಿ ಕಾಣುವ ತನಕ ಹೊರಡಬೇಡಿ. ಅದೇ ಕಾಫಿ ಕುಯ್ಲಿನ ಕಾಲ ಕೂಡ. ಅರೇಬಿಕಾ ಮೊದಲು ಹಣ್ಣಾಗುತ್ತೆ, ರೋಬಸ್ಟಾ ಆಮೇಲೆ. ಬೆಳಿಗ್ಗೆ ಎಂಟರ ಸುಮಾರಿಗೆ ಮತ್ತು ಸಂಜೆ ಕೆಲಸ ಬಿಡುವ ಹೊತ್ತಿಗೆ ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ಕಿರಿದಾದ ರಸ್ತೆಯಲ್ಲಿ ಜೋರಾಗಿ ಬರುತ್ತವೆ.

ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು. ಆದರೆ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತಲ್ಲ, ಆ ಮಲ್ಲಿಗೆಯಂಥ ವಾಸನೆಗೋಸ್ಕರ ಬಿಸಿಲು ಸಹಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಬೇಡವೇ ಬೇಡ. ರಸ್ತೆ ಅಂಚಿನಲ್ಲಿ ಪಾಚಿ, ಗುಂಡಿಯಲ್ಲಿ ನೀರು, ಮುರಿದು ಬಿದ್ದ ಕೊಂಬೆ, ಕಾಲಿಗೆ ಇಂಬಳ. ಜಡಿಮಳೆಯಲ್ಲಿ ಬ್ರೇಕ್ ಕೂಡ ಅರ್ಧ ಹಿಡಿಯುತ್ತೆ.

ಹಂತ 3: ಸೈಕಲ್

ಹೊಸದೇ ಬೇಕು ಅಂತಿಲ್ಲ. ಗಿಯರ್ ಇರಬೇಕು, ಅಷ್ಟೇ. ಅದರಲ್ಲೂ ನೋಡಬೇಕಾದ್ದು ಎಷ್ಟು ಗಿಯರ್ ಇದೆ ಅನ್ನೋದಲ್ಲ, ಅತಿ ಹಗುರದ ಗಿಯರ್ ಎಷ್ಟು ಹಗುರ ಅನ್ನೋದು. ಮುಂದಿನ ಹಲ್ಲುಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಆದಷ್ಟೂ ಏರು ಹತ್ತುವುದು ಸುಲಭ. ಅಂಗಡಿಯವರು “ಇದು ಸ್ಪೀಡ್ ಸಾರ್” ಅಂತ ತೆಳು ಟಯರಿನ ರೇಸ್ ಸೈಕಲ್ ತೋರಿಸಿದರೆ ಬಿಡಿ. ಒಂದೂವರೆ ಇಂಚಿಗಿಂತ ಅಗಲದ ಟಯರ್ ಇದ್ದರೆ ನಮ್ಮ ಗುಂಡಿಗಳಿಗೆ ಸರಿ.

ಇಬ್ಬರ ಟಯರ್ ಅಳತೆ ಒಂದೇ ಇದ್ದರೆ ಅರ್ಧ ತಲೆನೋವು ಕಮ್ಮಿ. ಒಂದೇ ಅಳತೆಯ ಟ್ಯೂಬ್ ಇಬ್ಬರಿಗೂ ಆಗುತ್ತೆ. 26 ಇಂಚಿನ ಟ್ಯೂಬ್ ಚಿಕ್ಕ ಊರಿನ ಅಂಗಡಿಯಲ್ಲೂ ಸಿಗಬಹುದು. 700ಸಿ ಅನ್ನುವ ದೊಡ್ಡ ತೆಳು ಚಕ್ರದ್ದು ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಗಾಳಿ ತುಂಬುವ ಮೂತಿಯನ್ನೂ ನೋಡಿ. ಬೈಕಿನ ಮೂತಿಯ ಹಾಗಿದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕುತ್ತಾರೆ. ತೆಳ್ಳಗೆ, ತುದಿಯಲ್ಲಿ ಪುಟ್ಟ ತಿರುಪಿದ್ದರೆ ಅದು ಪ್ರೆಸ್ಟಾ ವಾಲ್ವ್. ಅದಕ್ಕೆ ಹಿತ್ತಾಳೆಯ ಒಂದು ಚಿಕ್ಕ ಅಡಾಪ್ಟರ್ ಬೇಕು. ಬೆಲೆ ತೀರಾ ಕಮ್ಮಿ. ಆದರೆ ಮರೆತರೆ ಪಂಕ್ಚರ್ ಅಂಗಡಿಯ ಮುಂದೆ ನಿಂತೂ ಪ್ರಯೋಜನ ಇಲ್ಲ.

ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ ಇದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ಸ್ವಲ್ಪ ಬಾಗಿರುತ್ತೆ. ನೆಲಕ್ಕೆ ಪಾದ ಪೂರ್ತಿ ತಾಗಬೇಕು ಅಂತ ಸೀಟು ಇಳಿಸಿಕೊಂಡು ಹೋಗುವುದು ನಮ್ಮ ಹೆಂಗಸರಲ್ಲಿ ಜಾಸ್ತಿ. ನಾನೂ ಹಾಗೇ ಇದ್ದೆ. ಮಂಡಿ ನೋವು ಬರುವುದು ಅಲ್ಲಿಂದಲೇ.

“ಒಬ್ಬರಿಗೆ ಬ್ಯಾಟರಿ ಸೈಕಲ್ ಆಗುತ್ತಾ?” ಅಂತಲೂ ಕೇಳುತ್ತಾರೆ. ಆಗುತ್ತೆ, ನಾಚಿಕೆ ಏನಿಲ್ಲ. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸೈಕಲ್‌ಗೆ ನೋಂದಣಿ, ಲೈಸೆನ್ಸ್ ಬೇಡ. ಇಬ್ಬರ ವೇಗದಲ್ಲಿ ಅಜಗಜಾಂತರ ಇದ್ದರೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಕಂಪನಿ ಹೇಳುವ ದೂರ ಬಯಲಿನ ಲೆಕ್ಕ. ಏರಿನಲ್ಲಿ, ಹೊರೆ ಇಟ್ಟುಕೊಂಡು ಅದರ ಅರ್ಧ ಬಂದರೆ ಸಾಕು ಅಂತ ಎಣಿಸಿ. ಬ್ಯಾಟರಿ ಸತ್ತ ಮೇಲೆ ಆ ಸೈಕಲ್ ತುಳಿಯುವುದು ಎಮ್ಮೆ ತಳ್ಳಿದ ಹಾಗೆ. ಇಬ್ಬರು ಕೂರುವ ಉದ್ದ ಸೈಕಲ್ ನೋಡಲು ಚೆಂದ. ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರು ಸಿಗಲ್ಲ, ಬಸ್ಸಿಗೂ ಹತ್ತಲ್ಲ.

ಹಂತ 4: ಆರು ವಾರದ ತಯಾರಿ

ವಾರದಲ್ಲಿ ಮೂರು ದಿನ ಬೆಳಿಗ್ಗೆ ಒಂದು ಗಂಟೆ ತುಳಿಯಿರಿ, ಭಾನುವಾರ ಸ್ವಲ್ಪ ಉದ್ದದ ಸವಾರಿ ಮಾಡಿ. ಹಾಸನದವರಿಗೆ ಗೊರೂರು ರಸ್ತೆ ಚೆನ್ನಾಗಿದೆ. ಹೋಗಿ ಬಂದರೆ 45 ಕಿ.ಮೀ. ಹತ್ತಿರ. ಚಿಕ್ಕಮಗಳೂರಿನವರು ಹಿರೇಕೊಳಲೆ ಕೆರೆಗೆ ಹೋಗಿ ಬನ್ನಿ, ಹತ್ತತ್ತು ಕಿಲೋಮೀಟರ್, ಏರೂ ಸಿಗುತ್ತೆ.

ಕೊನೆಯ ಎರಡು ವಾರ ಮಾತ್ರ ಶನಿವಾರ, ಭಾನುವಾರ ಎರಡೂ ದಿನ ಹೋಗಬೇಕು. ಅದೂ ಸಾಮಾನು ಕಟ್ಟಿಕೊಂಡು. ಒಂದು ದಿನ 50 ಕಿ.ಮೀ. ಹೋಗುವುದು ಬೇರೆ, ಮಾರನೇ ದಿನ ಅದೇ ಸೀಟಿನ ಮೇಲೆ ಮತ್ತೆ ಕೂರುವುದು ಬೇರೆ. ಹೃದಯ, ಬಿ.ಪಿ., ಶುಗರ್‌ಗೆ ಮಾತ್ರೆ ತಗೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಶುಗರ್ ಮಾತ್ರೆ ತಿನ್ನುವವರಿಗೆ ದಾರಿಯಲ್ಲಿ ಸಕ್ಕರೆ ಅಂಶ ತಟ್ಟನೆ ಇಳಿಯಬಹುದು. ಜೊತೆಯವರಿಗೂ ಅದರ ಲಕ್ಷಣ ಗೊತ್ತಿರಬೇಕು: ಬೆವರು, ನಡುಕ, ಕಾರಣವಿಲ್ಲದ ಸಿಟ್ಟು. ಸಿಟ್ಟು ಕಂಡರೆ ಜಗಳಕ್ಕೆ ಇಳಿಯುವ ಮೊದಲು ಒಂದು ಬಾಳೆಹಣ್ಣು ಕೊಟ್ಟು ನೋಡಿ.

ಹಂತ 5: ಹೊರೆ

ಬೆನ್ನಿಗೆ ಬ್ಯಾಗ್ ಹಾಕಬೇಡಿ. ಬೆನ್ನು ಬೆವರುತ್ತೆ, ಭುಜ ನೋಯುತ್ತೆ, ಭಾರವೆಲ್ಲ ಸೀಟಿಗೆ ಬೀಳುತ್ತೆ. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಿ ಎರಡೂ ಪಕ್ಕಕ್ಕೆ ಚೀಲ ಇಳಿಬಿಡಿ. ಅದಕ್ಕೆ ಪ್ಯಾನಿಯರ್ ಅನ್ನುತ್ತಾರೆ. ದುಬಾರಿ ಅನ್ನಿಸಿದರೆ ಗಟ್ಟಿ ಕ್ಯಾನ್ವಾಸ್ ಚೀಲ ಹೊಲಿಸಿ, ಒಳಗೆ ಪ್ಲಾಸ್ಟಿಕ್ ಗೊಬ್ಬರದ ಚೀಲ ಹಾಕಿದರೂ ನಡೆಯುತ್ತೆ. ಚೀಲದ ದಾರ, ಬೆಲ್ಟ್ ಯಾವುದೂ ಚಕ್ರದ ಕಡ್ಡಿಗೆ ಸಿಗದ ಹಾಗೆ ಕಟ್ಟಿ.

ಭಾರವನ್ನು ಸಮಪಾಲು ಮಾಡಬೇಡಿ. ಜೋರಾಗಿ ತುಳಿಯುವವರಿಗೆ ಮೂರು ಪಾಲು, ನಿಧಾನದವರಿಗೆ ಒಂದು ಪಾಲು. ಆಗ ಇಬ್ಬರ ವೇಗ ತಾನಾಗಿ ಹತ್ತಿರ ಬರುತ್ತೆ. ಆದರೆ ನೀರು, ತಿಂಡಿ, ಸ್ವಲ್ಪ ದುಡ್ಡು, ಫೋನು ಮಾತ್ರ ಇಬ್ಬರ ಹತ್ತಿರವೂ ಇರಲಿ. ಪಂಪು, ಟ್ಯೂಬ್ ಎಲ್ಲಾ ಮುಂದೆ ಹೋದವರ ಚೀಲದಲ್ಲಿ, ಪಂಕ್ಚರ್ ಆದದ್ದು ಎರಡು ಕಿಲೋಮೀಟರ್ ಹಿಂದಿರುವವರಿಗೆ. ಇದು ನಮಗೇ ಆಗಿದ್ದು. ಅಂದಿನಿಂದ ಸಾಮಾನಿನ ಚೀಲ ಹಿಂದೆ ಬರುವವರ ಹತ್ತಿರ.

ಬೇಕಾಗುವ ಸಾಮಾನು: ಹೊಸ ಟ್ಯೂಬ್ ಎರಡು, ಪಂಕ್ಚರ್ ಪ್ಯಾಚು ಮತ್ತು ಗೋಂದು, ಟಯರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಕೈಪಂಪು, ಆಲನ್ ಕೀ ಕಟ್ಟು, ಒಂದು ಜೊತೆ ಬ್ರೇಕ್ ರಬ್ಬರ್ ಅಥವಾ ಪ್ಯಾಡ್, ಚೈನಿಗೆ ಎಣ್ಣೆ, ತುಂಡಾದ ಚೈನನ್ನು ಕೈಯಲ್ಲೇ ಜೋಡಿಸುವ ಕ್ವಿಕ್ ಲಿಂಕ್. ಟ್ಯೂಬ್ ಬದಲಿಸುವುದನ್ನು ಇಬ್ಬರೂ ಮನೆಯಲ್ಲಿ ಎರಡು ಸಲ ಮಾಡಿ ನೋಡಿ. “ಅವರಿಗೆ ಗೊತ್ತು ಬಿಡಿ” ಅನ್ನೋದು ಬೇಡ.

ಬಟ್ಟೆ ಎರಡು ಜೊತೆ ಸಾಕು, ರಾತ್ರಿ ಒಗೆದು ಹಾಕಿ. ಮೆತ್ತೆ ಇರುವ ಸೈಕಲ್ ಚಡ್ಡಿ ಇಬ್ಬರಿಗೂ ಕೊಳ್ಳಿ. ಅದರೊಳಗೆ ಬೇರೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯ ಆಗುತ್ತೆ. ಮೇಲೆ ಸಡಿಲ ಪ್ಯಾಂಟ್ ಹಾಕಿಕೊಂಡರೆ ಯಾರೂ ತಿರುಗಿ ನೋಡಲ್ಲ. ಬಲಗಾಲಿನ ಪ್ಯಾಂಟಿನ ಅಂಚಿಗೆ ರಬ್ಬರ್ ಬ್ಯಾಂಡ್, ಇಲ್ಲದಿದ್ದರೆ ಚೈನಿನ ಬಾಯಿಗೆ. ದುಪಟ್ಟಾ, ಶಾಲು ಸೈಕಲ್ ಮೇಲೆ ಬೇಡ. ಆದರೆ ಚೀಲದಲ್ಲಿ ಒಂದು ದುಪಟ್ಟಾ, ಒಂದು ಪಂಚೆ ಇರಲಿ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ, ಸೈಕಲ್ ಚಡ್ಡಿಯಲ್ಲಿ ಚೆನ್ನಕೇಶವನ ಮುಂದೆ ನಿಲ್ಲೋದು ಚೆನ್ನಾಗಿರಲ್ಲ. ತೊಡೆ ಉಜ್ಜುವ ಕಡೆ ಹೊರಡುವ ಮುಂಚೆಯೇ ವ್ಯಾಸಲೀನ್ ಹಚ್ಚಿ. ಉರಿ ಶುರುವಾದ ಮೇಲೆ ಹಚ್ಚಿದರೆ ಅಷ್ಟು ಉಪಯೋಗ ಇಲ್ಲ.

ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ದೀಪ, ಹೊಳೆಯುವ ಜಾಕೆಟ್ ಇಲ್ಲದೆ ಹೊರಡಬೇಡಿ.

ಹಂತ 6: ಇಬ್ಬರ ನಡುವಿನ ಕರಾರು

ನಗಬೇಡಿ, ಹಲವರ ಪ್ರವಾಸ ಕೆಡುವುದು ಪಂಕ್ಚರ್‌ನಿಂದ ಅಲ್ಲ, ಇದರಿಂದ. ಹೊರಡುವ ಮುಂಚೆ ಕೂತು ಮಾತಾಡಿಕೊಳ್ಳಿ.

ನಿಧಾನದವರು ಮುಂದೆ, ಜೋರಿನವರು ಹಿಂದೆ. ಜೋರಿನವರು ಮುಂದೆ ಹೋಗಿ ಏರಿನ ತುದಿಯಲ್ಲಿ ಕಾಯುತ್ತಾರೆ ಅಂದುಕೊಳ್ಳಿ. ಹಿಂದಿನವರು ಏದುಸಿರು ಬಿಡುತ್ತಾ ಬಂದ ಕೂಡಲೇ “ಸರಿ ಹೊರಡೋಣ” ಅನ್ನುತ್ತಾರೆ. ಅವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು, ಇವರಿಗೆ ಏನೂ ಇಲ್ಲ. ಇದು ದಿನಕ್ಕೆ ಎಂಟು ಸಲ ಆದರೆ ಸಂಜೆ ಊಟಕ್ಕೆ ಬೇರೆ ಬೇರೆ ಟೇಬಲ್.

ಏರಿನಲ್ಲಿ ಉಪದೇಶ ಇಲ್ಲ. “ಗಿಯರ್ ಇಳಿಸು, ಮೊಣಕೈ ಬಾಗಿಸು” ಅನ್ನೋದು ಏನಿದ್ದರೂ ಸಮತಟ್ಟಿನಲ್ಲಿ. ಇಳಿದು ತಳ್ಳುವ ಹಕ್ಕು ಇಬ್ಬರಿಗೂ ಇದೆ, ಇನ್ನೊಬ್ಬರೂ ಇಳಿದು ಜೊತೆಗೆ ನಡೆಯಬೇಕು. ಯಾರೊಬ್ಬರು “ಇವತ್ತಿಗೆ ಸಾಕು” ಅಂದರೂ ಸಾಕು. ಅದಕ್ಕೆ ವಾದ ಇಲ್ಲ, ಹತ್ತಿರದ ಊರಿನಲ್ಲಿ ಬಸ್ಸೋ ಪಿಕಪ್ಪೋ ಹಿಡಿಯುವುದು.

ಪಕ್ಕಪಕ್ಕ ಹೋಗಬೇಡಿ. ಮಾತೇನಿದ್ದರೂ ಸೈಕಲ್ ನಿಲ್ಲಿಸಿದಾಗ. ಹಿಂದಿನವರು ಕೂಗಿ ಹೇಳಬೇಕಾದ ಮಾತಿಗೆ ಗುರುತು ಮಾಡಿಕೊಳ್ಳಿ. ನಾನು “ರೀ, ಲಾರೀ!” ಅಂತ ಕೂಗಿದರೆ ಗಾಳಿಗೆ ಅವರಿಗೆ ಬರೀ ‘ರೀ’ ಕೇಳಿ, ಹಿಂದೆ ತಿರುಗಿ “ಏನೇ?” ಅನ್ನುತ್ತಿದ್ದರು. ಲಾರಿ ಬರುವಾಗ ತಿರುಗಿ ನೋಡುವುದಕ್ಕಿಂತ ಅಪಾಯ ಬೇರೆ ಇಲ್ಲ. ಈಗ ಬೆಲ್ ಎರಡು ಸಲ ಅಂದರೆ ಹಿಂದೆ ಗಾಡಿ, ಮೂರು ಸಲ ಅಂದರೆ ನಿಲ್ಲು.

ಹಂತ 7: ದಾರಿ, ದಿನದಿನಕ್ಕೆ

*ಮೊದಲ ದಿನ, ಹಾಸನದಿಂದ ಹಳೇಬೀಡು.* ನೇರ ಹೋದರೆ 31 ಕಿ.ಮೀ. ಬೇಲೂರು ರಸ್ತೆ ಹಿಡಿದು ಒಂದು ಸಣ್ಣ ಸುತ್ತು ಹಾಕಿದರೆ 40ರ ಹತ್ತಿರ. ನಾನು ಸುತ್ತು ಹಾಕಿ ಅನ್ನುತ್ತೇನೆ, ಯಾಕೆಂದರೆ ದಾರಿಯಲ್ಲಿ ದೊಡ್ಡಗದ್ದವಳ್ಳಿ ಇದೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಕೆರೆ, ತೆಂಗಿನ ತೋಟ, ಅದರ ಪಕ್ಕದಲ್ಲಿ ಲಕ್ಷ್ಮೀದೇವಿ ಗುಡಿ. ನಾಲ್ಕು ಗರ್ಭಗುಡಿಯ ಈ ದೇವಸ್ಥಾನವನ್ನು 12ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದವರು ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಸೇರಿ ಕಟ್ಟಿಸಿದ ಗುಡಿಯಿಂದ ನಿಮ್ಮ ಸವಾರಿ ಶುರು ಮಾಡುವುದು ಒಳ್ಳೆಯದೇ ಅಲ್ವಾ? ಅಲ್ಲಿಂದ ವಾಪಸ್ ಹೆದ್ದಾರಿಗೆ ಬಂದು ಹಗರೆಯಲ್ಲಿ ಬಲಕ್ಕೆ ತಿರುಗಿ.

ಹೆದ್ದಾರಿಯಲ್ಲಿ ಬಸ್ಸು, ಟೂರಿಸ್ಟ್ ಗಾಡಿ ಜಾಸ್ತಿ. ಬೆಳಿಗ್ಗೆ ಬೆಳಕು ಹರಿದ ಕೂಡಲೇ ಹೊರಟರೆ ಆ ಭಾಗ ಬೇಗ ಮುಗಿಯುತ್ತೆ. ಊರು ಬಂದ ಕಡೆಯೆಲ್ಲ ಬಣ್ಣ ಬಳಿಯದ ಹಂಪ್‌ಗಳಿವೆ, ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ಹಳೇಬೀಡಿನಲ್ಲಿ ಮಧ್ಯಾಹ್ನ ಮಲಗಿ, ಬಿಸಿಲು ಇಳಿದ ಮೇಲೆ ಹೊಯ್ಸಳೇಶ್ವರ ನೋಡಿ. ಸಂಜೆಯ ಓರೆ ಬೆಳಕಿನಲ್ಲಿ ಕೆತ್ತನೆ ಎದ್ದು ಬರುತ್ತೆ.

*ಎರಡನೇ ದಿನ, ಹಳೇಬೀಡಿನಿಂದ ಬೇಲೂರು.* ಬರೀ 16 ಕಿ.ಮೀ. “ಇಷ್ಟೇನಾ?” ಅಂತ ಎಲ್ಲರೂ ಕೇಳುತ್ತಾರೆ. ಬೇಕಂತಲೇ ಇಷ್ಟು. ಸೀಟಿನ ನೋವು ಅತಿ ಜಾಸ್ತಿ ಇರುವುದು ಎರಡನೇ ದಿನ. ಮೂರನೇ ದಿನದಿಂದ ಮೈ ಒಗ್ಗುತ್ತೆ. ಎರಡನೇ ದಿನ 50 ಕಿ.ಮೀ. ಇಟ್ಟುಕೊಂಡು ಕೈಬಿಟ್ಟವರನ್ನು ನೋಡಿದ್ದೇನೆ. ಹತ್ತು ಗಂಟೆಯೊಳಗೆ ಬೇಲೂರು ಸೇರಿ, ತಿಂಡಿ ತಿಂದು, ನಿಧಾನವಾಗಿ ದೇವಸ್ಥಾನ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ರಜಾ ದಿನ ಸೈಕಲ್ ನಿಲ್ಲಿಸಲೂ ಜಾಗ ಹುಡುಕಬೇಕು. ಆದ್ದರಿಂದ ಶನಿವಾರ, ಭಾನುವಾರ ಬೇಲೂರಿಗೆ ಬೀಳದ ಹಾಗೆ ದಿನ ಹೊಂದಿಸಿ. ಹಳೇಬೀಡು, ಬೇಲೂರು ಎರಡರಲ್ಲೂ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ಗಳಿವೆ. ದೇವಸ್ಥಾನಕ್ಕೆ ನಡೆದೇ ಹೋಗಬಹುದು.

*ಮೂರನೇ ದಿನ, ಬೇಲೂರಿನಿಂದ ಚಿಕ್ಕಮಗಳೂರು.* ಸುಮಾರು 25 ಕಿ.ಮೀ. ಎದುರಿಗೆ ಚಂದ್ರದ್ರೋಣ ಬೆಟ್ಟಗಳ ಸಾಲು ಮೆಲ್ಲಗೆ ದೊಡ್ಡದಾಗುತ್ತಾ ಬರುತ್ತೆ. ರಸ್ತೆ ಕಣ್ಣಿಗೆ ಸಮತಟ್ಟು ಅನ್ನಿಸುತ್ತೆ, ಕಾಲಿಗೆ ಏರು ಗೊತ್ತಾಗುತ್ತೆ. ಸೈಕಲ್ ಕೆಟ್ಟಿದೆಯೇನೋ ಅಂತ ಇಳಿದು ಬ್ರೇಕ್ ನೋಡಬೇಡಿ, ಅದು ಏರೇ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಪಟ್ಟಣದಲ್ಲಿ ಸೈಕಲ್ ಅಂಗಡಿಗಳಿವೆ. ಗಿಯರ್ ಕಿರಿಕಿರಿ, ಬ್ರೇಕ್ ಸವೆತ ಇದ್ದರೆ ಇಲ್ಲೇ ಸರಿ ಮಾಡಿಸಿ. ಮುಂದೆ ಸಕಲೇಶಪುರದ ತನಕ ನೆಚ್ಚಿಕೊಳ್ಳುವ ಹಾಗಿಲ್ಲ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಮುಳ್ಳಯ್ಯನಗಿರಿ? 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಅಂದರೆ ಊರಿನಿಂದ 800 ಮೀಟರ್‌ಗೂ ಹೆಚ್ಚು ಏರಬೇಕು, 20 ಕಿ.ಮೀ. ಹತ್ತಿರದ ದಾರಿಯಲ್ಲಿ. ಕೈಮರ ದಾಟಿದ ಮೇಲೆ ರಸ್ತೆ ಕಿರಿದು, ತಿರುವು ಕಡಿದು, ಎದುರಿಂದ ಕಾರುಗಳ ಸಾಲು. ನನ್ನ ಮಾತು ಕೇಳುವುದಾದರೆ ಸೈಕಲ್ ರೂಮಿನಲ್ಲಿ ಬಿಟ್ಟು ಜೀಪಿನಲ್ಲಿ ಹೋಗಿ ಬನ್ನಿ. ಹತ್ತಲೇಬೇಕು ಅನ್ನುವವರು ಒಂದು ದಿನ ಹೆಚ್ಚು ಇಟ್ಟುಕೊಂಡು, ಹೊರೆ ಇಲ್ಲದೆ, ವಾರದ ನಡುವಿನ ದಿನ ಹತ್ತಿ. ಬೆಟ್ಟಕ್ಕೆ ಹೋಗುವ ಗಾಡಿಗಳ ಮೇಲೆ ಜಿಲ್ಲಾಡಳಿತದ ನಿರ್ಬಂಧ ಆಗಾಗ ಬದಲಾಗುತ್ತೆ, ಹಿಂದಿನ ದಿನವೇ ವಿಚಾರಿಸಿ.

*ನಾಲ್ಕನೇ ದಿನ, ಚಿಕ್ಕಮಗಳೂರಿನಿಂದ ಆಲ್ದೂರು ಮೇಲೆ ಮೂಡಿಗೆರೆ.* ಸುಮಾರು 32 ಕಿ.ಮೀ. ನಿಜವಾದ ಮಲೆನಾಡು ಇಲ್ಲಿಂದ. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರಸ್ತೆ ಏರಿ ಇಳಿದು, ಏರಿ ಇಳಿದು ಸಾಗುತ್ತೆ.

ಇಳಿಜಾರಿನ ಬಗ್ಗೆ ಎಚ್ಚರ. ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿಯಬೇಡಿ, ಕಾಯ್ದು ಹಿಡಿತ ತಪ್ಪುತ್ತೆ. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಇಳಿಯಿರಿ. ಎರಡೂ ಬ್ರೇಕ್ ಒಟ್ಟಿಗೆ ಬಳಸಿ. ಮುಂದಿನದನ್ನು ಒಂದೇ ಸಲ ಜೋರಾಗಿ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಅಲ್ಲ. ಬಸ್ಸಿನ ಹಾರನ್ ಕೇಳಿದರೆ ಎಡಕ್ಕೆ ಇಳಿದು ನಿಂತುಬಿಡಿ. ಇಲ್ಲಿನ ಡ್ರೈವರ್‌ಗಳಿಗೆ ಪ್ರತಿ ತಿರುವೂ ಬಾಯಿಪಾಠ. ನಿಮಗೆ ಅಲ್ಲ.

*ಐದನೇ ದಿನ, ಮೂಡಿಗೆರೆಯಿಂದ ಹಾನುಬಾಳು ಮೇಲೆ ಸಕಲೇಶಪುರ.* 35 ಕಿ.ಮೀ. ಆಸುಪಾಸು. ಐದು ದಿನದಲ್ಲಿ ನನಗೆ ಅತಿ ಇಷ್ಟದ ದಾರಿ ಇದೇ, ಗಾಡಿ ಕಮ್ಮಿ, ನೆರಳು ಜಾಸ್ತಿ. ಆದರೆ ಅಂಗಡಿಗಳ ನಡುವಿನ ಅಂತರವೂ ಜಾಸ್ತಿ, ಫೋನ್ ಸಿಗ್ನಲ್ ಆಗಾಗ ಇರಲ್ಲ. ನಕ್ಷೆಯನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ. ನಕ್ಷೆ “ಇಲ್ಲಿ 6 ಕಿ.ಮೀ. ಉಳಿಯುತ್ತೆ” ಅಂತ ಒಳದಾರಿ ತೋರಿಸಿದರೆ ನಂಬಬೇಡಿ. ಅದು ಯಾರದೋ ತೋಟದ ರಸ್ತೆ, ಕೊನೆಯಲ್ಲಿ ಬೀಗ ಹಾಕಿದ ಗೇಟು, ಗೇಟಿನಾಚೆ ನಾಯಿ. ತೋಟದೊಳಗೆ ಹೋಗಲೇಬೇಕಿದ್ದರೆ ರೈಟರನ್ನು, ಅಂದರೆ ತೋಟದ ಲೆಕ್ಕ ನೋಡುವವರನ್ನು ಕೇಳಿ ಹೋಗಿ. ಕಾಫಿ ಒಣಗಿಸುವ ಕಣದ ಮೇಲೆ ಸೈಕಲ್ ಹತ್ತಿಸಬೇಡಿ. ಕಾಡಿನ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಲೇಬೇಡಿ.

ಹಂತ 8: ಆನೆ, ಉಣುಗು, ನಾಯಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆ ಇವೆ. ತೋಟದೊಳಗೇ ಇವೆ. ಇದು ಹೆದರಿಸುವ ಮಾತಲ್ಲ, ಇಲ್ಲಿ ಪ್ರತಿ ವರ್ಷ ಜನ ಸಾಯುತ್ತಾರೆ. ನಾಲ್ಕನೇ, ಐದನೇ ದಿನ ಬೆಳಿಗ್ಗೆ ಎಂಟಕ್ಕೆ ಮುಂಚೆ ಹೊರಡಬೇಡಿ, ಮಧ್ಯಾಹ್ನ ಮೂರರೊಳಗೆ ತಲುಪಿ. ಹೊರಡುವ ಮುಂಚೆ ನೀವು ತಂಗಿದ ಮನೆಯವರನ್ನು “ಇವತ್ತು ಆನೆ ಯಾವ ಕಡೆ ಇದೆ?” ಅಂತ ಕೇಳಿ. ತೋಟದವರಿಗೆ ಅರಣ್ಯ ಇಲಾಖೆಯಿಂದ ಫೋನಿಗೆ ಸುದ್ದಿ ಬರುತ್ತಿರುತ್ತೆ, ಅವರು ಸರಿಯಾಗಿ ಹೇಳುತ್ತಾರೆ.

ರಸ್ತೆಯಲ್ಲಿ ಹಸಿ ಲದ್ದಿ, ಎಳೆದು ಹಾಕಿದ ಬೈನೆ ಮರ, ಮುರಿದ ಬಾಳೆ ಕಂಡರೆ ಅಲ್ಲೇ ನಿಲ್ಲಿ. ಹಿಂದಿನ ಊರಿಗೆ ವಾಪಸ್ ಹೋಗಿ, ಜೀಪು ಬಂದರೆ ಅದರಲ್ಲಿ ಆ ಭಾಗ ದಾಟಿ. ಆನೆಯೇ ಕಂಡರೆ ಬೆಲ್ ಇಲ್ಲ, ಕೂಗು ಇಲ್ಲ, ಫೋಟೋ ಇಲ್ಲ. ಸದ್ದಿಲ್ಲದೆ ಹಿಂದಕ್ಕೆ. ಏರಿನಲ್ಲಿ ನೀವು ಗಂಟೆಗೆ 8 ಕಿ.ಮೀ., ಆನೆ ಅದರ ಮೂರು ಪಟ್ಟು ಓಡಬಲ್ಲದು.

ಬೇಸಿಗೆಯ ಕಡೆ ಹೋಗುವವರಿಗೆ ಇನ್ನೊಂದು: ಮಂಗನ ಕಾಯಿಲೆ. ಉಣುಗು ಕಚ್ಚುವುದರಿಂದ ಬರುವ ಜ್ವರ ಇದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿದೆ. ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗದ ಹತ್ತಿರ ಹೋಗಬೇಡಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ಇದಕ್ಕೆ ಜೊತೆಯವರು ಇರುವುದು ಅನುಕೂಲ, ಬೆನ್ನು ನಮಗೆ ಕಾಣಲ್ಲವಲ್ಲ. ವಾಪಸ್ ಬಂದ ಎರಡು ವಾರದೊಳಗೆ ಜೋರು ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ.

ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ನಡೆಯಿರಿ. ಹೆಚ್ಚಿನವು ಅಲ್ಲಿಗೆ ಸುಮ್ಮನಾಗುತ್ತವೆ. ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ತಗೊಳ್ಳಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಹಂತ 9: ಊಟ, ನೀರು, ತಂಗುವ ಜಾಗ

ಹಸಿವಾದ ಮೇಲೆ ತಿನ್ನೋದು ತಡ. ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ: ಬಾಳೆಹಣ್ಣು, ಕಡಲೆ ಮಿಠಾಯಿ, ಖರ್ಜೂರ. ಮೈಯಲ್ಲಿದ್ದ ಸಕ್ಕರೆ ಖಾಲಿಯಾದರೆ ಕಾಲು ಇದ್ದಕ್ಕಿದ್ದಂತೆ ಕೈಕೊಡುತ್ತೆ, ಸೈಕಲ್‌ನವರು ಅದನ್ನು ‘ಬಾಂಕ್’ ಅನ್ನುತ್ತಾರೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಡುಬು ಚೆನ್ನಾಗಿ ತಡೆಯುತ್ತವೆ. ಮುದ್ದೆ, ಬಸ್ಸಾರು ದಿನದ ಸವಾರಿ ಮುಗಿದ ಮೇಲೆ. ಹೊಟ್ಟೆ ತುಂಬ ಉಂಡು ಏರು ಹತ್ತಲು ಹೋದರೆ ನಿದ್ದೆ ಬರುತ್ತೆ, ಇಲ್ಲ ವಾಂತಿ ಬರುತ್ತೆ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಒಂದು ಬಾಟಲಿಗೆ ಓಆರ್‌ಎಸ್ ಪುಡಿ ಹಾಕಿ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ತಂಪಿದೆ ಅಂತ ಮಲೆನಾಡಿನಲ್ಲಿ ನೀರು ಕುಡಿಯೋದು ಮರೆತುಹೋಗುತ್ತೆ. ಹೆಂಗಸರು ಶೌಚಾಲಯ ಸಿಗಲ್ಲ ಅಂತ ನೀರೇ ಕುಡಿಯುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ದೊಡ್ಡ ಹೋಟೆಲ್ ಎಲ್ಲೆಲ್ಲಿವೆ ಅಂತ ಹಿಂದಿನ ರಾತ್ರಿ ಗುರುತು ಹಾಕಿಕೊಳ್ಳಿ, ಸಿಕ್ಕ ಕಡೆ ಹೋಗಿ ಬನ್ನಿ. ಪ್ಯಾಡ್ ಸಣ್ಣ ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ಆದರೂ ಚೀಲದಲ್ಲಿರಲಿ.

ಹೋಮ್‌ಸ್ಟೇ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ. ಮುಖ್ಯ ರಸ್ತೆ ಬಿಟ್ಟು ಎಷ್ಟು ದೂರ? ಡಾಂಬರು ಇದೆಯಾ, ಜೀಪೇ ಬೇಕಾ? ಸೈಕಲ್ ರಾತ್ರಿ ಒಳಗೆ ಇಡಬಹುದಾ? “ಮೂಡಿಗೆರೆ ಹತ್ತಿರ” ಅಂತ ನಾವು ಬುಕ್ ಮಾಡಿದ್ದು ಊರಿನಿಂದ ಹದಿಮೂರು ಕಿಲೋಮೀಟರ್ ಆಚೆ, ಕೊನೆಯ ಮೂರು ಕಿಲೋಮೀಟರ್ ಕಲ್ಲುದಾರಿ, ನಿಂತ ನಿಲುವಿನ ಏರು. ಸೈಕಲ್ ತಳ್ಳುತ್ತಾ ಅವತ್ತು ನಾವಿಬ್ಬರೂ ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಸೈಕಲ್‌ನವರಿಗೆ ಪಟ್ಟಣದೊಳಗಿನ ಸಾದಾ ಲಾಡ್ಜೇ ಲೇಸು.

ಹಂತ 10: ವಾಪಸ್ ಬರುವುದು

ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ತುಳಿದೇ ಬರುತ್ತೇವೆ ಅನ್ನಬೇಡಿ. ಅದು ಬೆಂಗಳೂರು–ಮಂಗಳೂರು ಹೆದ್ದಾರಿ, ಶಿರಾಡಿ ಘಾಟಿ ಹತ್ತಿ ಬಂದ ಲಾರಿ, ಟ್ಯಾಂಕರ್‌ಗಳೆಲ್ಲ ಅದೇ ರಸ್ತೆಯಲ್ಲಿ. ಮಂಜರಾಬಾದ್ ಕೋಟೆಯೂ ಊರಿನಿಂದ ಆರು ಕಿಲೋಮೀಟರ್ ಆಚೆ ಅದೇ ಹೆದ್ದಾರಿಯಲ್ಲಿದೆ. ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ, ನೋಡಲೇಬೇಕು, ಆದರೆ ಆಟೋದಲ್ಲಿ ಹೋಗಿ.

ರೈಲಿಗೆ ಹಾಕುವುದಾದರೆ ಸೈಕಲನ್ನು ಬೋಗಿಯೊಳಗೆ ಹತ್ತಿಸಲು ಬಿಡಲ್ಲ. ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ಗಾರ್ಡಿನ ಪಕ್ಕದ ಸಾಮಾನಿನ ಡಬ್ಬಿಗೆ ಹಾಕಬೇಕು. ರೈಲು ಇಲ್ಲಿ ಸ್ವಲ್ಪವೇ ಹೊತ್ತು ನಿಲ್ಲುವುದರಿಂದ ಬುಕಿಂಗ್ ತಗೊಳ್ಳುತ್ತಾರಾ ಅಂತ ಹಿಂದಿನ ದಿನವೇ ಸ್ಟೇಷನ್‌ನಲ್ಲಿ ಕೇಳಿ. ಇಬ್ಬರ ಸೈಕಲ್‌ಗೂ ಹೆಸರು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ. ಕಳಚಬಹುದಾದ ದೀಪ, ಬಾಟಲಿ, ಪಂಪು ತೆಗೆದು ಚೀಲಕ್ಕೆ ಹಾಕಿ.

ಇಷ್ಟೆಲ್ಲ ರಗಳೆ ಬೇಡ ಅಂದರೆ ಬಸ್ ನಿಲ್ದಾಣದ ಹತ್ತಿರ ಹಾಸನಕ್ಕೆ ಖಾಲಿ ಹೋಗುವ ಗೂಡ್ಸ್ ಪಿಕಪ್ ವಿಚಾರಿಸಿ, ಬಾಡಿಗೆ ಮೊದಲೇ ಮಾತಾಡಿ. ಸೈಕಲನ್ನು ನಿಲ್ಲಿಸಿಯೇ ಕಟ್ಟಿಸಿ. ಮಲಗಿಸಲೇಬೇಕಾದರೆ ಚೈನು, ಗಿಯರ್ ಇರುವ ಬಲಪಕ್ಕ ಮೇಲೆ ಬರಲಿ. ಎರಡು ಸೈಕಲ್ ನಡುವೆ ಒಂದು ಹಳೇ ಬೆಡ್‌ಶೀಟ್ ಹಾಕಿ, ಇಲ್ಲದಿದ್ದರೆ ಹಾಸನ ಸೇರುವಷ್ಟರಲ್ಲಿ ಒಂದರ ಪೆಡಲ್ ಇನ್ನೊಂದರ ಕಡ್ಡಿ ಮುರಿದಿರುತ್ತೆ.